ಇತ್ತೀಚೆಗೆ ನೋಡಿದ ಹಾರರ್ ಮತ್ತು ಹಳೇ ಕ್ಲಾಸಿಕ್‌ಗಳು: ಯಾವುದಕ್ಕೆ ನಿಜವಾಗ್ಲೂ ಭಯ ಆಯ್ತು?

ಕೊನೇಸಾಲು:
ರಜೆ ಸಿಕ್ತು ಅಂತ ಊರಿಗೂ ಹೋಗ್ದೆ ಮನೇಲೇ ಕೂತು ಬರೀ ದೆವ್ವದ ಸಿನಿಮಾ ನೋಡ್ದೆ, ಒಂದು ಹೊಸದು ಒಂದು ಹಳೇದು ಅಂತ ಬದಲಾಯಿಸ್ಕೊಂಡು. ಹೊಸದ್ರಲ್ಲಿ ಬಹಳಷ್ಟು ಬೆಳಿಗ್ಗೆ ಏಳೋಷ್ಟರಲ್ಲಿ ಮರ್ತೋಗಿತ್ತು. ಬಾಗಿಲು ಕಿರ್ರ್ ಅಂತು, ಕನ್ನಡೀಲಿ ಯಾರೋ ಕಂಡ್ರು, ಢಂ ಅಂತ ಸೌಂಡು, ಮುಗೀತು. ಆದ್ರೆ 1949ರ ‘ಮಹಲ್’ ಮಾತ್ರ ಇನ್ನೂ ತಲೇಲಿ ಓಡಾಡ್ತಾನೇ ಇದೆ. ಅಶೋಕ್ ಕುಮಾರ್ ಹಳೇ ಬಂಗಲೆಗೆ ಬರ್ತಾನೆ, ನೋಡಿದ್ರೆ ಅಲ್ಲಿರೋ ಫೋಟೋದಲ್ಲಿ ಅವನದೇ ಮುಖ, ಎಲ್ಲೋ ಯಾರೋ ಹಾಡ್ತಿದಾಳೆ, ಹುಡುಕ್ಕೊಂಡು ಹೋದ್ರೆ ಬರೀ ಉಯ್ಯಾಲೆ ತೂಗ್ತಿದೆ. ಒಂದು ಹನಿ ರಕ್ತ ಇಲ್ಲ, ಮೇಕಪ್ ಇಲ್ಲ. ಮಧುಬಾಲಾಗೆ ಆಗ 16 ವರ್ಷ, ನಿರ್ದೇಶಕ ಕಮಾಲ್ ಅಮ್ರೋಹಿಗೆ ಅದು ಮೊದಲನೇ ಸಿನಿಮಾ. ಕ್ಯಾಮೆರಾ ಮಾಡಿದ್ದು ಯೋಸೆಫ್ ವಿರ್ಶಿಂಗ್ ಅಂತ ಜರ್ಮನಿಯವ್ರು, ಬಾಂಬೆ ಟಾಕೀಸ್‌ಗೆ ಅಂತ ಬಂದು ಇಲ್ಲೇ ಉಳ್ಕೊಂಡೋರು, ಆ ನೆರಳು ನೋಡಿದ್ರೆ ಗೊತ್ತಾಗುತ್ತೆ.
ನನ್ನ ಲೆಕ್ಕ ಏನಂದ್ರೆ ದೆವ್ವ ಇದ್ಯೋ ಇಲ್ವೋ ಅನ್ನೋ ಅನುಮಾನ ಇರೋವರೆಗೆ ಮಾತ್ರ ಭಯ. ಕಣ್ಣ ಮುಂದೆ ಬಂದು ನಿಂತ ಮೇಲೆ ಅದು ಇನ್ನೊಂದು ಪಾತ್ರ ಅಷ್ಟೇ. ನೀವೆಲ್ಲ ಏನೇನ್ ನೋಡಿದ್ರಿ ಹೇಳಿ.

ಧಾರವಾಡ ಪೇಡಾ:
ಅಲ್ರಿ ಸರ, ‘ಮಹಲ್’ ನೋಡಿ ನಿಮಗ ಹೆದರಿಕಿ ಆತು? ನನಗ ನಿದ್ದಿ ಬಂತ್ರಿ. ಹಾಡು ಛಲೋ ಐತಿ, ಅದಕ್ಕ ಇಲ್ಲ ಅನ್ನಂಗಿಲ್ಲ. ಆದ್ರ ದೆವ್ವದ ಸಿನಿಮಾ ಅಂದ್ಮ್ಯಾಲೆ ದೆವ್ವ ಬೇಕ್ರಿ. ನಮ್ಮ ಕಾಲದಾಗ ರಾಮ್ಸೆ ಬ್ರದರ್ಸ್ ಇದ್ರು. 1984ರ ‘ಪುರಾನಾ ಮಂದಿರ್’ ಮೊನ್ನೆ ಮತ್ತ ನೋಡಿದೆ. ಆ ಸಾಮ್ರಿ ಪಾತ್ರ ಮಾಡ್ಯಾನಲ್ಲ ಅಜಯ್ ಅಗರ್ವಾಲ್, ಅಂವಗ ಮೇಕಪ್ ಇಲ್ದನೂ ಹೆದರ್ಬೇಕು ಆಳು ಹಂಗಿದಾನ. ತಲಿ ಒಂದ್ ಕಡೆ ಮುಂಡ ಒಂದ್ ಕಡೆ ಹೂಳಿಟ್ಟಿರತಾರ, ಕೂಡಿದ್ರ ಕೆಲಸ ಕೆಟ್ಟಂಗ. ಕತಿ ಇಷ್ಟ ಸೀದಾ ಇರಬೇಕ್ರಿ. ನೀವು ಹೇಳೂ ಅನುಮಾನ ಗಿನುಮಾನ ಎಲ್ಲ ಪರೀಕ್ಷಾ ಬರಿಯಾವ್ರಿಗೆ.

ಮಂಜುಳಾಪ್ರಿಯೆ:
ಹಹ್ಹ ಪೇಡಾ ಅವರೇ, ಸಾಮ್ರಿ ನೋಡಿ ನಾನು ಚಿಕ್ಕೋಳಿದ್ದಾಗ ಹೆದರಿದ್ದು ನಿಜ. ಈಗ ನೋಡಿದ್ರೆ ಆ ಮಂಜು, ಆ ನೀಲಿ ಲೈಟು, ಮಧ್ಯ ಮಧ್ಯ ಸಂಬಂಧ ಇಲ್ದಿರೋ ಕಾಮಿಡಿ ಟ್ರ್ಯಾಕು, ಎಲ್ಲ ನೋಡಿ ನಗು ಬರುತ್ತೆ. ನಾನು ಈ ಸಲ ‘ಮಣಿಚಿತ್ರತ್ತಾಳ್’ ಮತ್ತೆ ಅದೇ ಕಥೆಯ ನಮ್ಮ ‘ಆಪ್ತಮಿತ್ರ’ ಎರಡನ್ನೂ ಹಿಂದೆ ಮುಂದೆ ನೋಡ್ದೆ. ಮಲಯಾಳಂದು 1993, ಫಾಸಿಲ್ ಡೈರೆಕ್ಷನ್ನು, 2024ರಲ್ಲಿ ಫೋರ್‌ಕೆ ಮಾಡಿ ಮತ್ತೆ ಥಿಯೇಟರ್‌ಗೆ ಬಿಟ್ಟಿದ್ರಲ್ಲ ಅದೇ. ಹೇಳಿದ್ರೆ ಬೈತೀರ ಅಂತ ಗೊತ್ತು ಆದ್ರೂ ಹೇಳ್ತೀನಿ, ಮಲಯಾಳಂದು ಮುಂದೆ ಆಪ್ತಮಿತ್ರ ಸಪ್ಪೆ ಅನ್ನಿಸ್ತು. ಅದ್ರಲ್ಲಿ ಮೋಹನ್‌ಲಾಲ್ ಬರೋದೇ ಅರ್ಧ ಸಿನಿಮಾ ಹತ್ರ ಬಂದ್ಮೇಲೆ. ಅಲ್ಲೀವರೆಗೂ ಆ ಮನೆ, ಆ ಜನ, ಯಾರ್ ಮೇಲೆ ಅನುಮಾನ ಪಡೋದು ಅಂತ ನಾವೂ ಒದ್ದಾಡ್ತಿರ್ತೀವಿ.

ವಿಷ್ಣುದಾದಾ ಅಭಿಮಾನಿ:
ಸಪ್ಪೆ?? ಮೇಡಂ ಸ್ವಲ್ಪ ಯೋಚನೆ ಮಾಡಿ ಮಾತಾಡಿ. 2004ರಲ್ಲಿ ಆಪ್ತಮಿತ್ರ ಬರದೇ ಇದ್ದಿದ್ರೆ ‘ಚಂದ್ರಮುಖಿ’ ಬರ್ತಾನೇ ಇರ್ಲಿಲ್ಲ, ಪಿ. ವಾಸು ಇಲ್ಲಿ ಗೆದ್ದ ಮೇಲೆ ತಾನೇ ಮುಂದಿನ ವರ್ಷ ರಜನಿ ಜೊತೆ ತಮಿಳಲ್ಲಿ ಮಾಡಿದ್ದು. ಸೋತು ಸುಣ್ಣ ಆಗಿದ್ದ ದ್ವಾರಕೀಶ್ ಅವರು ಮತ್ತೆ ಎದ್ದು ನಿಂತಿದ್ದು ಆ ಸಿನಿಮಾದಿಂದ. ಇನ್ನು ಸೌಂದರ್ಯ ಬಗ್ಗೆ ಏನ್ ಹೇಳೋದು, ಏಪ್ರಿಲ್‌ನಲ್ಲಿ ವಿಮಾನ ಅಪಘಾತ, ಆಗಸ್ಟ್‌ನಲ್ಲಿ ಸಿನಿಮಾ ರಿಲೀಸು. ಥಿಯೇಟರ್‌ನಲ್ಲಿ ‘ರಾ ರಾ’ ಬಂದಾಗ ಜನ ಹೆದರಿದ್ರೋ ಅತ್ರೋ ಅಂತ ಹೇಳೋಕಾಗ್ತಿರ್ಲಿಲ್ಲ. ಮಲಯಾಳಂನಲ್ಲಿ ಅದೇ ಪಾತ್ರ ಮಾಡಿದ ಶೋಭನಾಗೆ ನ್ಯಾಷನಲ್ ಅವಾರ್ಡ್ ಬಂತು ಒಪ್ಕೋತೀನಿ, ಆದ್ರೆ ಸೌಂದರ್ಯಗೆ ಸಿಕ್ಕಿದ ಕಣ್ಣೀರು ಯಾರಿಗೂ ಸಿಕ್ಕಿಲ್ಲ.

ಮಂಜುಳಾಪ್ರಿಯೆ:
ಅಯ್ಯೋ ಸೌಂದರ್ಯ ಬಗ್ಗೆ ನಾನೆಲ್ಲಿ ಏನಂದೆ? ಅವರ ಬಗ್ಗೆ ಒಂದು ಮಾತೂ ಆಡಲ್ಲ. ನಾನು ಹೇಳಿದ್ದು ಕಥೆ ಕಟ್ಟಿರೋ ರೀತಿ ಬಗ್ಗೆ. ಮಲಯಾಳಂನಲ್ಲಿ ಮಧು ಮುಟ್ಟಂ ಬರೆದಿರೋ ಗಂಗಾಗೆ, ಅಂದ್ರೆ ಶೋಭನಾ ಪಾತ್ರಕ್ಕೆ, ಒಂದು ಬಾಲ್ಯ ಇದೆ. ಅಪ್ಪ ಅಮ್ಮ ಕಲ್ಕತ್ತಾಗೆ ಹೋದ್ರು, ಇವಳು ಊರಲ್ಲಿ ಅಜ್ಜಿ ಜೊತೆ ಕಥೆ ಕೇಳ್ಕೊಂಡು ಒಬ್ಬಳೇ ಬೆಳೆದಳು, ಆಮೇಲೆ ಇದ್ದಕ್ಕಿದ್ದಂಗೆ ಅಲ್ಲಿಂದ ಕಿತ್ಕೊಂಡು ಹೋಗ್ತಾರೆ. ಹಾಗಾಗಿ ಆ ಹಳೇ ಮನೆಗೆ ಬಂದ ತಕ್ಷಣ ಅವಳಿಗೆ ಅಲ್ಲಿ ಸತ್ತ ನರ್ತಕಿ ನಾಗವಲ್ಲಿ ಕಥೆ ಯಾಕೆ ಅಷ್ಟು ಹಿಡಿಸುತ್ತೆ ಅಂತ ನಮಗೆ ಅರ್ಥ ಆಗುತ್ತೆ. ನನಗೆ ಭಯ ಆಗಿದ್ದು ಕ್ಲೈಮ್ಯಾಕ್ಸ್ ಡಾನ್ಸ್‌ನಲ್ಲಿ ಅಲ್ಲ. ಗಂಡ ಹೊರಗೆ ಹೋಗೋದು ಬೇಡ ಅಂತಾನೆ, ಅವಳು ಒಂದು ಕ್ಷಣ ಹಾಗೇ ನೋಡ್ತಾಳೆ, ಆಮೇಲೆ ಮುಖ ನಿಧಾನಕ್ಕೆ ಬದಲಾಗುತ್ತೆ ನೋಡಿ, ಅಲ್ಲಿ. ಹಗಲು ಹೊತ್ತು, ಮಲಗೋ ಕೋಣೆ, ಗಂಡನ ಮುಂದೇನೇ.

ಕೊನೇಸಾಲು:
ನಾನು ಹೇಳ್ತಿರೋದೂ ಇದನ್ನೇ!! ಹಗಲು. ಕತ್ತಲಲ್ಲಿ ಯಾರ್ ಬೇಕಾದ್ರೂ ಹೆದರಿಸ್ತಾರೆ, ಹಗಲಲ್ಲಿ ಹೆದರ್ಸೋದಕ್ಕೆ ಗುಂಡಿಗೆ ಬೇಕು. 1961ರ ‘ದಿ ಇನ್ನೊಸೆಂಟ್ಸ್’ ನೋಡಿ ಯಾರಾದ್ರೂ. ಜ್ಯಾಕ್ ಕ್ಲೇಟನ್‌ದು, ಹೆನ್ರಿ ಜೇಮ್ಸ್ ಕಥೆ, ಡೆಬೊರಾ ಕೆರ್ ಎರಡು ಮಕ್ಕಳನ್ನ ನೋಡ್ಕೊಳ್ಳೋಕೆ ದೊಡ್ಡ ಬಂಗಲೆಗೆ ಬರ್ತಾಳೆ. ಕೆರೆ ಆಚೆ ದಡದ ಜೊಂಡಿನ ಮಧ್ಯ ಕಪ್ಪು ಬಟ್ಟೆ ಹಾಕ್ಕೊಂಡು ಒಬ್ಬಳು ಸುಮ್ನೆ ನಿಂತಿದಾಳೆ. ಏನೂ ಮಾಡಲ್ಲ, ಹತ್ರ ಬರಲ್ಲ, ಕಿರಿಚಲ್ಲ. ಮ್ಯೂಸಿಕ್ ಇಲ್ಲ. ನಾನು ಪಾಸ್ ಮಾಡಿ ಎದ್ದು ಲೈಟ್ ಹಾಕ್ದೆ. ಅದು ಸಿನಿಮಾಸ್ಕೋಪ್ ಅಗಲದ ಸಿನಿಮಾ, ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಲೆನ್ಸ್ ಮುಂದೆ ಅಂಚಿಗೆ ಬಣ್ಣ ಬಳಿದ ಫಿಲ್ಟರ್ ಹಾಕಿ ಎರಡೂ ಕಡೆ ಕಪ್ಪು ಮಾಡ್ಬಿಟ್ಟಿದಾರೆ, ಅದಕ್ಕೇ ನಡುವೆ ಮಾತ್ರ ಬೆಳಕು, ಪಕ್ಕದಲ್ಲಿ ಏನೋ ಇದೆ ಅಂತ ಇಡೀ ಸಿನಿಮಾ ಅನ್ನಿಸ್ತಿರುತ್ತೆ.

ಕುಡ್ಲದ ಪೊಣ್ಣು:
ಎಂತ ಮಾರ್ರೆ ನೀವೆಲ್ಲ ಇಷ್ಟು ಸೀರಿಯಸ್ಸು. ನಾನು ಲೇಟಾಗಿ ‘ಸು ಫ್ರಂ ಸೋ’ ನೋಡಿದೆ, 2025ರಲ್ಲಿ ಬಂದಾಗ ಟಿಕೆಟ್ ಸಿಕ್ಕಿರ್ಲಿಲ್ಲ. ಅದು ಹಾರರ್ ಅಂತ ಹೇಳ್ಲಿಕ್ಕೆ ಆಗುದಿಲ್ಲ, ನಕ್ಕು ನಕ್ಕು ಹೊಟ್ಟೆ ನೋವು. ಆದ್ರೆ ಒಂದು ವಿಷಯ ಉಂಟು. ಒಬ್ಬನ ಮೈಮೇಲೆ ಬಂದಿದೆ ಅಂತ ಊರಿಡೀ ನಂಬುವುದು ಹೇಗೆ, ಗೊತ್ತಿದ್ದವನೂ ಬಾಯಿ ಬಿಡದೆ ಕೂತುಕೊಳ್ಳುವುದು ಹೇಗೆ, ಅದನ್ನು ನಮ್ಮ ಊರಿನವ್ರನ್ನು ನೋಡಿಯೇ ಬರ್ದದ್ದು ಅಂತ ಗೊತ್ತಾಗ್ತದೆ. ಜೆ.ಪಿ. ತುಮಿನಾಡ್ ನಾಟಕದಿಂದ ಬಂದವರಲ್ವಾ, ಹತ್ತು ಜನ ಒಟ್ಟಿಗೆ ಒಂದು ಫ್ರೇಮಿನಲ್ಲಿ ನಿಂತು ಮಾತಾಡುವಾಗ ಒಬ್ಬರ ಟೈಮಿಂಗೂ ತಪ್ಪುದಿಲ್ಲ. ಸೆಕೆಂಡ್ ಹಾಫಿನಲ್ಲಿ ನಗು ನಿಂತು ಸುಲೋಚನಾ ಕಥೆ ಬೇರೆಯೇ ಆಗ್ತದೆ, ಅದನ್ನು ಇಲ್ಲಿ ಹೇಳುದಿಲ್ಲ, ನೋಡದವರು ಇರ್ಬಹುದು.

ಧಾರವಾಡ ಪೇಡಾ:
ಇದು ಒಪ್ಪಿದೆ ನೋಡ್ರಿ. ಅದರಾಗ ರವಿ ಅಣ್ಣನ ಪಾತ್ರ ಶನೀಲ್ ಗೌತಮ್ ಮಾಡ್ಯಾರ, ಊರಿಗೊಬ್ಬ ಹಂತಾಂವ ಇರ್ತಾನ್ರಿ, ಎಲ್ಲಾದಕ್ಕೂ ಮುಂದ, ಒಳಗ ಪುಕ್ಕಲು.

ಸೌಂಡ್‌ಬಾಕ್ಸ್:
ಹೊಸ ಸಿನಿಮಾಗಳ ಢಂ ಢಂ ಬಗ್ಗೆ ಕೊನೇಸಾಲು ಬೈದಿದ್ದಕ್ಕೆ ಒಂದು ಮಾತು. ಸೌಂಡಿಂದ ಹೆದರಿಸೋದು ಹೊಸ ರೋಗ ಏನಲ್ಲ ಸ್ವಾಮಿ. 1960ರ ‘ಸೈಕೋ’ ಶವರ್ ಸೀನನ್ನ ಒಂದ್ಸಲ ಮ್ಯೂಟ್ ಮಾಡಿ ನೋಡಿ. ಚಾಕು ಮೈಗೆ ಹೋಗೋದು ನಿಮಗೆ ಸರಿಯಾಗಿ ಕಾಣೋದೇ ಇಲ್ಲ, ಬರೀ ಕಟ್ ಮೇಲೆ ಕಟ್ಟು, ಕಪ್ಪು ಬಿಳುಪು, ರಕ್ತದ ಜಾಗದಲ್ಲಿ ಚಾಕಲೇಟ್ ಸಿರಪ್ಪು. ಮುಕ್ಕಾಲು ನಿಮಿಷದ ಆಸುಪಾಸಿನ ಆ ಕೊಲೆಗೆ ಒಂದು ವಾರ ಶೂಟಿಂಗ್ ಮಾಡಿದ್ದಾರೆ. ಹಿಚ್‌ಕಾಕ್‌ಗೆ ಮೊದಲು ಅಲ್ಲಿ ಮ್ಯೂಸಿಕ್ಕೇ ಬೇಡ ಅಂತಿತ್ತು, ಬರ್ನಾರ್ಡ್ ಹರ್ಮನ್ ಮಾತು ಕೇಳ್ದೆ ಬರೆದು ತಂದ್ರು, ಕೇಳಿದ ಮೇಲೆ ಹಿಚ್‌ಕಾಕ್ ಒಪ್ಕೊಂಡ್ರು. ಇಡೀ ಸಿನಿಮಾಗೆ ಬರೀ ತಂತಿ ವಾದ್ಯ, ಡ್ರಮ್ ಇಲ್ಲ ತುತ್ತೂರಿ ಇಲ್ಲ. ಈಗಿನವ್ರ ಸಮಸ್ಯೆ ಸೌಂಡ್ ಹಾಕೋದಲ್ಲ, ಎಲ್ಲಿ ಹಾಕ್ಬಾರ್ದು ಅಂತ ಗೊತ್ತಿಲ್ದೇ ಇರೋದು. ಹತ್ತು ಸಲ ಸುಳ್ಳು ಸುಳ್ಳೇ ಬೆಚ್ಚಿಬೀಳಿಸಿದ್ರೆ ಹನ್ನೊಂದನೇ ಸಲ ನಿಜವಾದ್ದು ಬಂದಾಗ ಜನ ಮೊಬೈಲ್ ನೋಡ್ತಿರ್ತಾರೆ.
‘ಮಹಲ್’ ಬಗ್ಗೆನೂ ಹೇಳ್ಬೇಕು. ಆ ಹಾಡು ದೂರದಿಂದ ಹತ್ರ ಬಂದಂಗೆ ಕೇಳುತ್ತಲ್ಲ, ಆಗ ಅದಕ್ಕೆ ಮೆಷಿನ್ ಇರ್ಲಿಲ್ಲ, ಲತಾ ಮಂಗೇಶ್ಕರ್ ಸ್ಟುಡಿಯೋ ಮೂಲೆಯಿಂದ ಹಾಡ್ತಾ ಹಾಡ್ತಾ ಮೈಕ್ ಹತ್ರ ನಡ್ಕೊಂಡು ಬಂದಿದ್ದು ಅಂತ ಅವರೇ ಹೇಳ್ಕೊಂಡಿದಾರೆ. ರೆಕಾರ್ಡ್ ಮೇಲೆ ಹಾಡಿದೋರ ಹೆಸರು ಕಾಮಿನಿ ಅಂತ ಪಾತ್ರದ ಹೆಸರೇ ಹಾಕಿದ್ರು. ಸಂಗೀತ ಕೊಟ್ಟ ಖೇಮ್‌ಚಂದ್ ಪ್ರಕಾಶ್ ಆ ಯಶಸ್ಸು ಅನುಭವಿಸೋಕೂ ಇರ್ಲಿಲ್ಲ, 1950ರಲ್ಲೇ ಹೋಗ್ಬಿಟ್ರು.

ಚಳಿದೇಶದ ಗೌಡ:
ಜರ್ಮನಿಯಿಂದ ನಮಸ್ಕಾರ ಎಲ್ಲರಿಗೂ. ಇಲ್ಲಿ ಹಳೇ ಮೂಕಿ ಸಿನಿಮಾ ಹಾಕಿ ಪಕ್ಕದಲ್ಲಿ ಒಬ್ಬರು ಲೈವ್ ಪಿಯಾನೋ ನುಡಿಸೋ ಶೋಗಳು ಆಗ್ತಿರ್ತವೆ, ಹಾಗೇ 1922ರ ‘ನೊಸ್ಫೆರಾಟು’ ನೋಡ್ದೆ. ನೂರು ವರ್ಷ ದಾಟಿರೋ ಸಿನಿಮಾ, ನಗ್ತಾ ಕೂತಿರ್ತೀನಿ ಅನ್ಕೊಂಡಿದ್ದೆ. ರಕ್ತಪಿಶಾಚಿ ಪಾತ್ರದ ಮ್ಯಾಕ್ಸ್ ಶ್ರೆಕ್ ನೆರಳು ಮೆಟ್ಟಿಲು ಹತ್ತೋ ಸೀನಿಗೆ ಹಾಲ್ ಪೂರ್ತಿ ನಿಶ್ಶಬ್ದ. ಮಜಾ ಏನಂದ್ರೆ ಡ್ರಾಕುಲಾ ಕಥೇನ ಹಕ್ಕು ತಗೊಳ್ದೆ ಹೆಸರು ಬದಲಾಯಿಸಿ ತೆಗೆದಿದ್ರು, ಬ್ರಾಮ್ ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋದ್ರು, ಎಲ್ಲ ಪ್ರಿಂಟ್ ಸುಡಬೇಕು ಅಂತ ಆದೇಶ ಆಯ್ತು. ಅಷ್ಟರಲ್ಲಿ ಕೆಲವು ಪ್ರಿಂಟ್ ಬೇರೆ ದೇಶಕ್ಕೆ ಹೋಗಿತ್ತು, ಅದ್ರಿಂದ ಉಳೀತು. ಎಷ್ಟ್ ಕೊಂದ್ರೂ ಸಾಯ್ದೇ ಇರೋ ರಕ್ತಪಿಶಾಚಿ ಸಿನಿಮಾಗೆ ತಕ್ಕ ಹಣೆಬರಹ.

ಮಲ್ನಾಡ್ ಮಳೆ:
ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇರೋದೇ ಅನುಮಾನ, ಇನ್ವರ್ಟರ್ ಜೀವ ಇರೋವರೆಗೆ ‘ಭ್ರಮಯುಗಂ’ ನೋಡಿದೆ ಎರಡನೇ ಸಲ. 2024ರಲ್ಲಿ ಬಂದ ಸಿನಿಮಾನ ಪೂರ್ತಿ ಕಪ್ಪು ಬಿಳುಪಲ್ಲಿ ತೆಗೆಯೋ ಧೈರ್ಯ ರಾಹುಲ್ ಸದಾಶಿವನ್‌ಗೆ, ಹಲ್ಲು ಕರೆ ಹಿಡಿದ ಮುದುಕನಾಗಿ ಕೂರೋ ಧೈರ್ಯ ಮಮ್ಮುಟ್ಟಿಗೆ. ಒಂದು ಪಾಳು ಮನೆ, ಮಳೆ, ಮೂರು ಜನ, ಒಂದು ಪಗಡೆ ಹಾಸು. ಪಗಡೆಯಲ್ಲಿ ಸೋತವನು ತನ್ನ ಕಾಲವನ್ನೇ ಒತ್ತೆ ಇಡ್ಬೇಕು. ಅಲ್ಲಿ ನನಗೆ ಚಾತನ್ ಅನ್ನೋ ದೆವ್ವಕ್ಕಿಂತ ಹೆಚ್ಚು ಹೆದರಿಕೆ ಆಗಿದ್ದು ಯಜಮಾನ ಊಟ ಮಾಡೋದು, ಆಳು ನಿಂತು ನೋಡೋದು. ಹಳೇ ಮನೆಗಳಲ್ಲಿ ಬೆಳೆದವ್ರಿಗೆ ಆ ಊಟದ ಸೀನ್ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಕೊನೇಸಾಲು ಹೇಳೋ ಲೆಕ್ಕ ಇಲ್ಲಿ ನಡಿಯಲ್ಲ ನೋಡಿ, ದೆವ್ವ ಇದೆ, ಕಾಣುತ್ತೆ, ಆದ್ರೂ ಭಯ ಕಮ್ಮಿ ಆಗಲ್ಲ.

ಕೊನೇಸಾಲು:
ಕಾಣೋದು ಕೊನೇಲಿ ಅಲ್ವಾ ಸಾರ್, ಅಲ್ಲೀವರೆಗೆ ಯಾರು ಏನು ಅಂತ ಗೊತ್ತಿಲ್ಲ.

ಮಲ್ನಾಡ್ ಮಳೆ:
ಹಾಗಾದ್ರೆ ‘ತುಂಬಾಡ್’ಗೆ ಏನಂತೀರಿ? ಹಸ್ತರ್ ಯಾರು, ಎಲ್ಲಿದಾನೆ, ಏನು ತಿಂತಾನೆ ಎಲ್ಲ ಮೊದಲೇ ಹೇಳಿ, ತೋರಿಸಿ, ಮತ್ತೆ ಮತ್ತೆ ಅದೇ ಬಾವಿಗೆ ಇಳಿಸ್ತಾರೆ. ಗೊತ್ತಿದ್ದೂ ಗೊತ್ತಿದ್ದೂ ಇಳೀತಾನಲ್ಲ ದುರಾಸೆಗೆ, ಅದು ಭಯ. 2018ರಲ್ಲಿ ಬಂದಾಗ ಜನ ಅಷ್ಟು ನೋಡ್ಲಿಲ್ಲ, 2024ರಲ್ಲಿ ಮತ್ತೆ ಬಿಟ್ರೆ ಮೊದಲನೇ ಸಲಕ್ಕಿಂತ ಜಾಸ್ತಿ ದುಡ್ಡು ಮಾಡ್ತು. ಅಂದ್ರೆ ಕಥೆ ಗೊತ್ತಿದ್ದೋರೇ ಮತ್ತೆ ಹೋಗಿ ಹೆದರ್ಕೊಂಡು ಬಂದ್ರು.

ಹೊಸಬ್ರು ನಾವು:
ಎಲ್ಲ ಓದ್ತಾ ಇದೀನಿ, ‘ಮಹಲ್’ ಕೊನೆಗೆ ದೆವ್ವ ಇರಲ್ಲ ಅಂತ ಬೇರೆ ಒಬ್ರು ಹೇಳ್ಬಿಟ್ರು ನಂಗೆ, ಸ್ಪಾಯ್ಲರ್ ಹಾಕೋ ಮುಂಚೆ ಎಚ್ಚರಿಕೆ ಕೊಡಿ ಪ್ಲೀಸ್ 😭

ಧಾರವಾಡ ಪೇಡಾ:
1949ರ ಸಿನಿಮಾಕ್ಕ ಸ್ಪಾಯ್ಲರಾ? ತಮ್ಮಾ, ಮಹಾಭಾರತದಾಗೂ ಕೌರವರು ಸೋಲ್ತಾರ, ಮೊದಲ ಹೇಳಿಬಿಡ್ತೀನಿ ತಗೋ.

ಹೊಸಬ್ರು ನಾವು:
😂😂 ಸರಿ ಬಿಡಿ. ಒಂದು ಸಜೆಶನ್ ಬೇಕಿತ್ತು. ಅಮ್ಮನ ಜೊತೆ ಕೂತು ನೋಡೋಕೆ ಕನ್ನಡದ್ದು ಹಳೇ ಹಾರರ್ ಯಾವುದಿದೆ? ರಕ್ತ ಗಿಕ್ತ ಇರ್ಬಾರ್ದು, ಅವರಿಗೆ ಸಬ್‌ಟೈಟಲ್ ಓದೋಕೆ ಆಗಲ್ಲ.

ಬಾಲ್ಕನಿ ಟಿಕೆಟ್:
ಕಣ್ಮುಚ್ಕೊಂಡು ‘ನಾ ನಿನ್ನ ಬಿಡಲಾರೆ’ ಹಾಕಿ. 1979, ಅನಂತ್ ನಾಗ್, ಲಕ್ಷ್ಮಿ, ರಾಜನ್ ನಾಗೇಂದ್ರ ಸಂಗೀತ. ನನ್ನ ಪ್ರಕಾರ ಕನ್ನಡದಲ್ಲಿ ಇವತ್ತಿಗೂ ಅದನ್ನ ಮೀರಿಸಿದ ದೆವ್ವದ ಸಿನಿಮಾ ಇಲ್ಲ. ಯಾಕೆ ಅಂತ ಹೇಳ್ತೀನಿ. ನಮ್ಮಲ್ಲಿ ಮೈಮೇಲೆ ಬರೋದು ಅಂದ್ರೆ ಯಾವಾಗ್ಲೂ ಹೆಂಗಸಿಗೇ, ಕೂದಲು ಬಿಟ್ಕೊಂಡು ಕೂಗಾಡೋದು ಅವಳೇ. ಇಲ್ಲಿ ಹೆಣ್ಣು ದೆವ್ವ ಬರೋದು ಗಂಡಸಿನ ಮೈಮೇಲೆ. ಅನಂತ್ ನಾಗ್ ಅದನ್ನ ಮಾಡಿರೋ ರೀತಿ ನೋಡ್ಬೇಕು, ಒಂಚೂರು ಜಾಸ್ತಿ ಆಗಿದ್ರೂ ಥಿಯೇಟರ್‌ನಲ್ಲಿ ಜನ ನಗ್ತಿದ್ರು. ಕಣ್ಣು, ಕತ್ತು ಹೊರಳಿಸೋದು, ಅಷ್ಟರಲ್ಲೇ ಮುಗಿಸ್ತಾರೆ. ಆಮೇಲೆ ಅದನ್ನೇ ಹಿಂದೀಲಿ ‘ಮಂಗಲ್‌ಸೂತ್ರ’ ಅಂತ 1981ರಲ್ಲಿ ಮಾಡಿದ್ರು, ಅಲ್ಲೂ ಇವರೇ, ಜೊತೆಗೆ ರೇಖಾ. ಮಂತ್ರಾಲಯ, ರಾಯರು ಎಲ್ಲ ಬರೋದ್ರಿಂದ ಅಮ್ಮನೂ ಖುಷಿಯಾಗಿ ನೋಡ್ತಾರೆ.

ಸೌಂಡ್‌ಬಾಕ್ಸ್:
ಅದಕ್ಕೇ ನನಗೆ ಆ ಸಿನಿಮಾ ಕೊನೆಗೆ ಸ್ವಲ್ಪ ನಿರಾಸೆ. ರಾಯರು ಇದಾರೆ ಅಂದ್ಮೇಲೆ ದೆವ್ವ ಸೋಲೋದು ಗ್ಯಾರಂಟಿ, ಭಯ ಎಲ್ಲಿ ಉಳೀತು?

ಬಾಲ್ಕನಿ ಟಿಕೆಟ್:
‘ದಿ ಎಕ್ಸಾರ್ಸಿಸ್ಟ್’ನಲ್ಲೂ ಪಾದ್ರಿ ಇದಾರಲ್ಲ, ಅದಕ್ಕೆ ಯಾರೂ ಹೀಗನ್ನಲ್ಲ. ನಂಬಿಕೆ ಇರೋ ಹೆಂಡತಿ, ಮೈಮೇಲೆ ಬಂದಿರೋ ಗಂಡ, ಇಬ್ರೂ ಒಂದೇ ಮನೇಲಿ ಇರ್ಬೇಕು, ಆ ಜಗಳ ಇದೆಯಲ್ಲ ಅದು ಸಿನಿಮಾ. ಕೊನೆ ಗೊತ್ತಿದ್ರೂ ಆ ಮಧ್ಯದ ದಾರಿ ಗೊತ್ತಿಲ್ಲ.

ಮಂಜುಳಾಪ್ರಿಯೆ:
ಹೊಸಬ್ರೇ, ಕಾಶಿನಾಥ್ ಅವರ ‘ಅಪರಿಚಿತ’ನೂ ಲಿಸ್ಟಿಗೆ ಹಾಕ್ಕೊಳ್ಳಿ, 1978ದು. ದೆವ್ವ ಅಲ್ಲ, ಕೊಲೆ ಕಥೆ. ‘ಸವಿ ನೆನಪುಗಳು ಬೇಕು’ ಹಾಡು ಎಲ್ಲ ಆರ್ಕೆಸ್ಟ್ರಾದಲ್ಲೂ ಹಾಡ್ತಾರೆ, ಅದು ಥ್ರಿಲ್ಲರ್ ಸಿನಿಮಾದ್ದು ಅಂತ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಆಮೇಲೆ ಸುನಿಲ್ ಕುಮಾರ್ ದೇಸಾಯಿದು ‘ತರ್ಕ’, ಅದ್ರಲ್ಲಿ ಹಾಡೇ ಇಲ್ಲ.
ಇನ್ನೊಂದು ಹೇಳ್ಬೇಕು, ಜಗಳ ಆದ್ರೂ ಪರವಾಗಿಲ್ಲ. ನನ್ನ ಪಾಲಿಗೆ ಕನ್ನಡದ ಅತಿ ಭಯಾನಕ ಸಿನಿಮಾ ಪುಟ್ಟಣ್ಣನವರ ‘ಶರಪಂಜರ’. ತ್ರಿವೇಣಿ ಕಾದಂಬರಿ, 1971. ಹುಚ್ಚಾಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಹೆಂಗಸನ್ನ ಮನೆಯವ್ರು, ನೆಂಟ್ರು, ಅಕ್ಕಪಕ್ಕದವ್ರು ಒಬ್ಬೊಬ್ರಾಗಿ ನೋಡೋ ನೋಟ ಇದೆಯಲ್ಲ. ಕಲ್ಪನಾ ‘ಹದಿನಾಲ್ಕು ವರ್ಷ ವನವಾಸದಿಂದ ಮರಳಿ ಬಂದಳು ಸೀತೆ’ ಅಂತ ಹಾಡ್ತಾ ಇರ್ತಾಳೆ, ಮನೆ ಅವಳನ್ನ ಒಳಗೆ ಬಿಟ್ಕೊಂಡೂ ಬಿಟ್ಕೊಂಡಿರಲ್ಲ. ನಾಗವಲ್ಲಿ ಹೋದ ಮೇಲೆ ಗಂಗಾಗೆ ಏನಾಯ್ತು ಅಂತ ಮಣಿಚಿತ್ರತ್ತಾಳ್ ಹೇಳಲ್ಲ, ಎಲ್ಲ ಸುಖವಾಗಿದಾರೆ ಅಂತ ಕಾರು ಹೊರಡುತ್ತೆ. ಆ ಕಾರು ಮನೆ ಮುಟ್ಟಿದ ಮೇಲಿನ ಕಥೆನೇ ಶರಪಂಜರ ಅಂತ ನನಗೆ ಅನ್ಸುತ್ತೆ.

ವಿಷ್ಣುದಾದಾ ಅಭಿಮಾನಿ:
ಮೇಡಂ ಶರಪಂಜರ ದೊಡ್ಡ ಸಿನಿಮಾ, ಕೈ ಮುಗೀತೀನಿ. ಆದ್ರೆ ಅದನ್ನ ಹಾರರ್ ಅಂದ್ರೆ ಒಪ್ಪಲ್ಲ. ಹಂಗಾದ್ರೆ ಮನೆಮುರುಕ ಅತ್ತೆ ಇರೋ ಸೀರಿಯಲ್ ಎಲ್ಲ ಹಾರರ್ರೇ.

ಕುಡ್ಲದ ಪೊಣ್ಣು:
ಅದು ಹಾರರ್ರೇ ಅಲ್ವಾ ಮತ್ತೆ 😄 ಮಂಜುಳಾ ಅಕ್ಕ ಹೇಳಿದ್ದು ನನಗೆ ಸರಿ ಅಂತ ಕಾಣ್ತದೆ. ಸು ಫ್ರಂ ಸೋ ಲಾಸ್ಟಿಗೂ ಅದೇ ಅಲ್ವಾ ಬರುದು, ದೆವ್ವ ಹೆದ್ರಿಸುದಿಲ್ಲ, ಬದುಕಿರುವವರೇ ಹೆದ್ರಿಸುದು.

ಬಾಲ್ಕನಿ ಟಿಕೆಟ್:
ದೆವ್ವನೂ ಹೆದರಿಸಿತ್ತು ಬಿಡಿ, ಬೆಂಗಳೂರಲ್ಲಿ ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದಿದ್ದು ಮರ್ತ್ರಾ? ತೊಂಬತ್ತರ ದಶಕದಲ್ಲಿ ನಮ್ಮ ವಠಾರದಲ್ಲಿ ಒಂದು ಬಾಗಿಲೂ ಖಾಲಿ ಇರ್ಲಿಲ್ಲ. ಆ ಕಥೆ ಎತ್ಕೊಂಡು ಹಿಂದಿಯವ್ರು ‘ಸ್ತ್ರೀ’ ಮಾಡಿ ಕೋಟಿ ಕೋಟಿ ಎಣಿಸ್ಕೊಂಡ್ರು, ನಮ್ಮೋರು ಇನ್ನೂ ಕನ್ನಡೀಲಿ ಮುಖ ತೋರಿಸ್ತಾ ಕೂತಿದಾರೆ.

ಮಲ್ನಾಡ್ ಮಳೆ:
ಇದು ನೂರಕ್ಕೆ ನೂರು ನಿಜ. ಕಥೆ ನಮ್ಮದು, ದುಡ್ಡು ಅವರದ್ದು.

ಹೊಸಬ್ರು ನಾವು:
ಅಪ್‌ಡೇಟ್: ‘ನಾ ನಿನ್ನ ಬಿಡಲಾರೆ’ ಹಾಕಿದ್ವಿ. ನಾನು ದಿಂಬು ತಬ್ಕೊಂಡು ಕೂತಿದ್ದೆ, ಅಮ್ಮ ಬೀನ್ಸ್ ಬಿಡಿಸ್ತಾ ಆರಾಮಾಗಿ ನೋಡಿದ್ರು. ಮುಗಿದ ಮೇಲೆ ಹೇಳಿದ್ದು ಒಂದೇ ಮಾತು, ಅನಂತ್ ನಾಗ್ ಎಷ್ಟು ಚೆನ್ನಾಗಿದ್ರು ಅಲ್ವಾ ಆಗ ಅಂತ.

ಕೊನೇಸಾಲು:
ಅಮ್ಮಂಗೆ ನನ್ನ ನಮಸ್ಕಾರ ಹೇಳಿ. ನಾನು ಮುಂದಿನ ವಾರ ಜಪಾನ್ ಕಡೆ ಹೊರಟೆ, ಕೊಬಯಾಶಿಯ 1964ರ ‘ಕ್ವೈದಾನ್’. ನಾಲ್ಕು ದೆವ್ವದ ಕಥೆ, ಆಕಾಶ ಸಮೇತ ಎಲ್ಲ ಪರದೆ ಮೇಲೆ ಬಣ್ಣ ಬಳಿದು ಮಾಡಿರೋ ಸೆಟ್ಟು. ಅದ್ರಲ್ಲಿ ಕುರುಡ ಹಾಡುಗಾರನ ಮೈತುಂಬ ಮಂತ್ರ ಬರೆದು ಕಿವಿ ಮೇಲೆ ಬರೆಯೋದು ಮರ್ತಿರ್ತಾರಂತೆ. ಪೇಡಾ ಅವರೇ, ಇದ್ರಲ್ಲಿ ದೆವ್ವ ಕಾಣುತ್ತೆ, ನೀವೂ ಬನ್ನಿ. ಮೂರು ಗಂಟೆ ಇದೆ ಅಷ್ಟೇ.

ಧಾರವಾಡ ಪೇಡಾ:
ಮೂರು ತಾಸ?! ಅಷ್ಟರಾಗ ನಮ್ಮ ಸಾಮ್ರಿ ಎರಡು ಸಲ ಎದ್ದು ಎರಡು ಸಲ ಸತ್ತಿರತಾನ್ರಿ. ನೀವು ನೋಡಿ ಹೇಳ್ರಿ, ಆ ಕಿವಿ ಕತಿ ಎಷ್ಟನೇ ನಿಮಿಷಕ್ಕ ಬರ್ತದ ಅಷ್ಟು ಬರೀರಿ, ಅದೊಂದು ನೋಡತೀನಿ.